ಹಲಗೆ ಭಾವನ ಹೊಸ ಪ್ಯಾಂಟು

ನನ್ನ ಅಕ್ಕನ ಗಂಡನಿಗೆ ಕೂರುವುದಕ್ಕೆ ಸಂಬಳ ಕೊಡುತ್ತಾರೆ. ಇದನ್ನು ನಾನು ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಭಾವನ ಎದುರಿಗೂ ಹೇಳಿದ್ದೇನೆ, ಅವರು ಒಂದು ದಿನವೂ ಸಿಟ್ಟಾಗಲಿಲ್ಲ. ನಾನು ಟೈಲರ್. ಮೆಷಿನ್ ಮುಂದೆ ದಿನಕ್ಕೆ ಹತ್ತು ಗಂಟೆ ನಾನೂ ಕೂರುತ್ತೇನೆ. ಆದರೆ ಕೂತಲ್ಲೇ ಕಾಲು ತುಳಿಯುತ್ತಿರುತ್ತದೆ, ಕೈ ಬಟ್ಟೆ ತಳ್ಳುತ್ತಿರುತ್ತದೆ, ಬಾಯಿ ಗಿರಾಕಿಗಳ ಜೊತೆ ವಾದ ಮಾಡುತ್ತಿರುತ್ತದೆ. ಭಾವ ಹಾಗಲ್ಲ, ಸುಮ್ಮನೆ ಕೂರುತ್ತಾರೆ. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ರೈಲಿನ ಕೊನೆಯ ಬೋಗಿಯಲ್ಲಿ, ಚಕ್ರದ ಮೇಲೆ ಬರುವ ಸೀಟಿನಲ್ಲಿ, ಕಣ್ಣು ಮುಚ್ಚಿಕೊಂಡು.

"ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ನಿಮಗೆ ನೋಡಿ, ಕೂತಿದ್ದಕ್ಕೇ ತಿಂಗಳು ತಿಂಗಳು ಕುಡಿಕೆ ತುಂಬಿಸ್ತಾರೆ" ಎಂದು ನಾನು ಅಂದರೆ, "ನಿನಗ್ಯಾಕೆ ಹೊಟ್ಟೆಕಿಚ್ಚು, ನೀನೂ ಬಂದು ಕೂತ್ಕೋ" ಅನ್ನುತ್ತಿದ್ದರು.

ಕೆಲಸ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಹಾಗೆ ನೀವೂ ತಪ್ಪು ತಿಳಿಯುತ್ತೀರಿ. ವೇಗದ ರೈಲಿನ ಹಳಿ ಒಂದು ಕಡೆ ಎರಡು ಕಾಗದದ ದಪ್ಪ ತಗ್ಗಿದರೂ ಮೇಲೆ ಕೂತವರಿಗೆ ಸಣ್ಣ ಕುಲುಕು ಬರುತ್ತದೆ. ಇವತ್ತಿನ ಸಣ್ಣ ಕುಲುಕು ಬಿಟ್ಟರೆ ನಾಳೆ ದೊಡ್ಡದಾಗುತ್ತದೆ. ಇದನ್ನು ಹಿಡಿಯಲು ಮೂರು ವಾರಕ್ಕೊಮ್ಮೆ ಮೈತುಂಬ ಯಂತ್ರ ಹೊತ್ತ ಅಳತೆ ರೈಲು ಬರುತ್ತದೆ. ಅದು ಬರುವವರೆಗೆ ದಿನವೂ ಬೆಳಗಿನ ಮೊದಲ ರೈಲಿನಲ್ಲಿ ಒಬ್ಬ ಮನುಷ್ಯ ಕೂತು ಹೋಗಿ, ಕೂತು ಬಂದು, ಎಲ್ಲೆಲ್ಲಿ ಕುಲುಕಿತು ಎಂದು ಬರೆದುಕೊಡಬೇಕು. ಅವರ ಪುಸ್ತಕದಲ್ಲಿ ಮೂರು ಕಲಂ. ಎಷ್ಟನೇ ಕಿಲೋಮೀಟರ್, ಏನು ಗೊತ್ತಾಯಿತು, ಏನು ಮಾಡಬೇಕು. ಆಮೇಲೆ ಹಳಿ ರಿಪೇರಿಯ ಗ್ಯಾಂಗಿನವರು ಹೋಗಿ ಸರಿಮಾಡುತ್ತಾರೆ. ಆ ಕೂರುವ ಮನುಷ್ಯ ನಮ್ಮ ಭಾವ.

ಹತ್ತೊಂಬತ್ತನೇ ವಯಸ್ಸಿಗೆ ಅವರು ಹಳೆಯ ನಿಧಾನದ ಲೈನಿನಲ್ಲಿ ಸುತ್ತಿಗೆ ಹೊತ್ತು ನಡೆಯುವ ಗ್ಯಾಂಗಿನಲ್ಲಿದ್ದರು. ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಟ್ರಾಲಿಯಲ್ಲಿ ಮೇಸ್ತ್ರಿ ಕೂರುವುದು, ನಾಲ್ವರು ತಳ್ಳುವುದು. ಒಂದು ದಿನ ಭಾವನ ಕಾಲಿಗೆ ಪೆಟ್ಟಾಗಿ ಅವರನ್ನೂ ಮೇಸ್ತ್ರಿಯ ಪಕ್ಕ ಕೂರಿಸಿದ್ದಾರೆ. ಸ್ವಲ್ಪ ದೂರ ಹೋದಮೇಲೆ ಇವರು "ನಿಲ್ಸಿ, ಇಲ್ಲಿ ಹಳಿ ಕೆಳಗೆ ಜಲ್ಲಿ ಸಡಿಲ ಇದೆ" ಅಂದರಂತೆ. ಮೇಸ್ತ್ರಿ ಮೂಗು ಮುರಿದ. ಅಗೆದು ನೋಡಿದರೆ ಕೈ ಹೋಗುವಷ್ಟು ಪೊಳ್ಳು. ಮಾರನೇ ದಿನ ಮತ್ತೆರಡು ಕಡೆ ಹೀಗೇ ಆಯಿತು. ಅವತ್ತಿನಿಂದ ಭಾವ ಕೂರುವುದು, ಮೇಸ್ತ್ರಿಯೂ ಸೇರಿ ಐವರು ತಳ್ಳುವುದು ಎಂದಾಯಿತು. ವೇಗದ ಲೈನು ಬಂದಾಗ ನಲವತ್ತು ಜನರನ್ನು ಒಂದು ಬೋಗಿಯಲ್ಲಿ ಕೂರಿಸಿ, ಕೈಗೆ ಪುಸ್ತಕ ಕೊಟ್ಟು ಪರೀಕ್ಷೆ ಮಾಡಿದರು. ಯಂತ್ರದ ಪಟ್ಟಿಗೆ ಹೊಂದಿದ್ದು ಒಂದೇ ಪುಸ್ತಕ.

ಸೀಟಿನ ಮೆತ್ತೆಯ ಮೇಲೆ ಕೂತರೆ ಏನೂ ಗೊತ್ತಾಗುವುದಿಲ್ಲ ಎಂದು ಭಾವ ತಮ್ಮದೇ ಹಲಗೆ ಒಯ್ಯುತ್ತಾರೆ. ಎರಡು ಬೆರಳು ದಪ್ಪ, ಮರಗೆಲಸದವರು ಕನ್ನಡಿಯಂತೆ ನಯ ಮಾಡಿಕೊಟ್ಟಿದ್ದು. ಅದಕ್ಕೆ ಚೀಲ ಹೊಲಿದುಕೊಟ್ಟವಳು ನಾನು. ರೈಲಿನವರೆಲ್ಲ ಅವರನ್ನು 'ಹಲಗೆಯವರು' ಅನ್ನುತ್ತಾರೆ, ನಾನು ಬೇಕೆಂದೇ 'ಹಲಗೆ ಭಾವ' ಅನ್ನುತ್ತೇನೆ. ಅವರ ಪ್ಯಾಂಟೂ ನನ್ನದೇ ಕೈಯದು. ವರ್ಷಕ್ಕೆ ಎರಡು, ಅಂಗಡಿಯಲ್ಲಿ ಸಿಗುವ ಅತಿ ತೆಳುವಾದ ಹತ್ತಿ ಬಟ್ಟೆ, ಹಿಂದೆ ಜೇಬಿಲ್ಲ. ಬೆಳಿಗ್ಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೊರಡುತ್ತಾರೆ. ಎಡಗೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರ, ಬಲಗೈಯಲ್ಲಿ ಪೆನ್ಸಿಲ್. ಸುರಂಗದ ಸದ್ದು, ಸೇತುವೆಯ ಸದ್ದು ಲೆಕ್ಕ ಹಿಡಿದು ಎಷ್ಟನೇ ಕಿಲೋಮೀಟರ್ ಎಂದು ಹೇಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ದಾರಿಯ ಒಂದು ಮರವನ್ನೂ ಅವರು ನೋಡಿಲ್ಲ.

ಮನೆಯಲ್ಲೂ ಇದೇ ಕಥೆ. ಊಟಕ್ಕೆ ಕೂತವರು ತುತ್ತು ನಿಲ್ಲಿಸಿ, "ಮೇಲಿನ ಮನೆಯವರ ವಾಷಿಂಗ್ ಮೆಷಿನ್‌ಗೆ ಒಂದು ಕಾಲು ಗಿಡ್ಡ" ಅನ್ನುತ್ತಾರೆ. ಅಕ್ಕನಿಗೆ ನಾಚಿಕೆಯಾಗುವ ಹಾಗೆ ಮೇಲೆ ಹೋಗಿ, ರಟ್ಟು ಮಡಿಚಿ ಕಾಲಡಿಗೆ ಇಟ್ಟು ಬರುತ್ತಾರೆ. ನೆಂಟರ ಮನೆಯಲ್ಲಿ ಕುರ್ಚಿ ಕೊಟ್ಟರೆ ಮೊದಲು ಬಗ್ಗಿ ನಾಲ್ಕು ಕಾಲನ್ನೂ ನೋಡುತ್ತಾರೆ. ನನ್ನ ಅಂಗಡಿಗೆ ಬಂದಾಗೊಮ್ಮೆ ಮೆಷಿನ್ ಮೇಲೆ ಅಂಗೈ ಇಟ್ಟು, "ಬೆಲ್ಟಿಗೆ ಗಂಟು ಹಾಕಿದೀಯ, ಅಲ್ವಾ?" ಅಂದರು. ಹಾಕಿದ್ದೆ. ಹೊಸದು ತರಲು ಜಿಪುಣತನ.

"ಬೆಲ್ಟಿನದು ಇರ್ಲಿ, ಈ ಸೂಜಿಗೆ ದಾರ ಪೋಣಿಸಿಕೊಡಿ ನೋಡೋಣ" ಅಂದೆ. ನಲವತ್ತೊಂಬತ್ತು ದಾಟಿದ ಮೇಲೆ ಸೂಜಿಯ ಕಣ್ಣು ನನ್ನ ಕಣ್ಣಿಗೆ ಸಿಗುತ್ತಿಲ್ಲ. ದಾರದ ತುದಿ ನಾಲಿಗೆಗೆ ತಗುಲಿಸಿ, ಉಸಿರು ಹಿಡಿದು, ನಾಲ್ಕು ಸಲ, ಐದು ಸಲ. ಆಮೇಲೆ ಬೈಗುಳ. ಭಾವ ಪ್ರಯತ್ನಪಟ್ಟು, ಆಗದೆ, ಸೂಜಿಯನ್ನು ಮರ್ಯಾದೆಯಿಂದ ವಾಪಸ್ಸು ಕೊಟ್ಟರು.

ಇನ್ನು ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ.

ಐವತ್ತಾರರ ಹೊತ್ತಿಗೆ ಭಾವ ಒಣಗತೊಡಗಿದರು. ಮೈಮೇಲಿದ್ದ ಅಷ್ಟಿಷ್ಟು ಮಾಂಸ ಇಳಿದು, ಮೂಳೆಗೂ ಹಲಗೆಗೂ ನೇರ ಮಾತುಕತೆ ಶುರುವಾಯಿತು. ಮನೆಗೆ ಬಂದರೆ ಒಂದು ಮಗ್ಗುಲಲ್ಲಿ ಕೂರುವುದು, ಏಳುವಾಗ ಹಲ್ಲು ಕಚ್ಚುವುದು. ಕೇಳಿದರೆ ಏನೂ ಇಲ್ಲ. ಅಕ್ಕನ ಕರುಳು ಕೇಳಬೇಕಲ್ಲ, ಒಂದು ಮಧ್ಯಾಹ್ನ ಅಂಗಡಿಗೆ ಬಂದಳು.

"ಈ ಸಲದ ಪ್ಯಾಂಟಿಗೆ ಒಳಗೆ ಏನಾದ್ರೂ ಮೆತ್ತಗಿರೋದು ಇಟ್ಟು ಹೊಲಿ. ಅವರಿಗೆ ಗೊತ್ತಾಗಬಾರದು."

"ಗೊತ್ತಾಗಬಾರದಾ? ಕುರ್ಚಿ ಕಾಲಡಿಗೆ ಬೆಂಕಿಕಡ್ಡಿ ಇದ್ರೆ ಗೊತ್ತಾಗತ್ತೆ ಆ ಮನುಷ್ಯನಿಗೆ."

"ಹೇಳಿ ಕೊಟ್ರೆ ಹಾಕ್ಕೊಳಲ್ಲ ಕಣೇ. ನೀನು ಟೈಲರ್ ಹೌದೋ ಅಲ್ವೋ?"

ಈ ಮಾತು ನನಗೆ ಚುಚ್ಚಿತು. ಮೂರು ದಿನ ಕೂತೆ. ಕೋಟಿನ ಭುಜಕ್ಕೆ ಹಾಕುವ ತೆಳು ಫೋಮ್ ತಂದು, ಎರಡು ಪದರ ಮಾಡಿ, ನಡುವೆ ದಪ್ಪ, ಅಂಚಿಗೆ ಬರುತ್ತ ಬರುತ್ತ ಏನೂ ಇಲ್ಲದ ಹಾಗೆ ಇಳಿಸಿದೆ. ಅದೇ ಹತ್ತಿ ಬಟ್ಟೆಯ ಒಳಪದರ, ಹೊಲಿಗೆ ಒಂದೂ ಮೇಲೆ ಕಾಣದು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮತ್ತೇನೂ ಹೊಲಿದಿಲ್ಲ. ಎರಡೂ ಪ್ಯಾಂಟಿಗೂ ಹಾಗೇ ಮಾಡಿದೆ. ಅಕ್ಕ ಭಾವನ ನೋವನ್ನಷ್ಟೇ ಯೋಚಿಸಿದಳು, ನಾನು ನನ್ನ ಹೊಲಿಗೆಯನ್ನಷ್ಟೇ ಯೋಚಿಸಿದೆ. ಭಾವನ ಕೆಲಸವನ್ನು ಇಬ್ಬರೂ ಯೋಚಿಸಲಿಲ್ಲ. ಕೂರುವುದೂ ಒಂದು ಕೆಲಸ ಎಂದು ನಾನು ಯಾವತ್ತು ಒಪ್ಪಿದ್ದೆ, ಅದು ಕೆಡಬಹುದು ಎಂದು ಹೆದರುವುದಕ್ಕೆ?

ಭಾವ ಹಾಕಿಕೊಂಡು, "ಈ ಸಲ ಬಟ್ಟೆ ಚೆನ್ನಾಗಿದೆ" ಅಂದರಂತೆ. ಅದೇ ವಾರ ಡಾಕ್ಟರು ಒಂದು ಮುಲಾಮು ಕೊಟ್ಟಿದ್ದರು. ನೋವು ಹೋದ ಕೀರ್ತಿಯೆಲ್ಲ ಮುಲಾಮಿಗೆ ಸಂದಿತು. ಇಡೀ ಗ್ಯಾಂಗಿಗೆ ಆ ಮುಲಾಮಿನ ಹೆಸರು ಬರೆದುಕೊಟ್ಟರು.

ಅದಾದ ಮೂರು ವಾರ ಭಾವ ದಿನಾ ನಗುತ್ತ ಮನೆಗೆ ಬಂದರು. "ಹಳಿ ಬೆಣ್ಣೆ ಹಾಗಿದೆ. ಗ್ಯಾಂಗಿನವರು ಏನು ಕೆಲಸ ಮಾಡಿದಾರೆ ಅಂತೀಯ" ಎಂದು ಹೊಗಳಿದ್ದೇ ಹೊಗಳಿದ್ದು. ಪುಸ್ತಕದಲ್ಲಿ ದಿನವೂ ಒಂದೇ ಸಾಲು, 'ಏನೂ ಇಲ್ಲ.' ನಾನೂ ಅಂಗಡಿಯಲ್ಲಿ ಮೀಸೆ ತಿರುವುವುದೊಂದು ಬಾಕಿ.

ಆಮೇಲೆ ಒಂದು ವಾರ ಅಕ್ಕ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಬೆಳಿಗ್ಗೆ, ಐದೂಮುಕ್ಕಾಲಿಗೆ ನಾನು ಚಹಾ ಸೋಸುತ್ತಿದ್ದಾಗ, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕುಸಿದಳು.

"ನಿನಗೆ ಹೇಳಬೇಡ ಅಂದಿದ್ರು. ಇನ್ನು ಆಗಲ್ಲ ನನಗೆ. ಅವರ ಕೆಲಸ ಹೋಗತ್ತೆ ಕಣೇ."

ಹೋದ ವಾರ ಅಳತೆ ರೈಲು ಬಂದಿತ್ತು. ಭಾವ 'ಏನೂ ಇಲ್ಲ' ಎಂದು ಬರೆದ ಹಳಿಯಲ್ಲೇ ಯಂತ್ರಕ್ಕೆ ಆರು ಕಡೆ ಕುಲುಕು ಸಿಕ್ಕಿತ್ತು. ಅಪಾಯವೇನೂ ಆಗಲಿಲ್ಲ, ಆರನ್ನೂ ಸರಿಮಾಡಿದರು. ಆದರೆ ಆರರಲ್ಲಿ ಒಂದೂ ಭಾವನಿಗೆ ಗೊತ್ತಾಗಿರಲಿಲ್ಲ. ಅವರು ಸೀಟು ಬದಲಾಯಿಸಿದರು. ಹಲಗೆಯನ್ನು ಮತ್ತೆ ಕೊಟ್ಟು ನಯ ಮಾಡಿಸಿದರು. ಡಾಕ್ಟರ ಹತ್ತಿರ ಹೋಗಿ ಬೆನ್ನುಮೂಳೆ ನೋಡಿಸಿದರು. ಚಹಾ ಬಿಟ್ಟರು. ಯಾವುದರಿಂದಲೂ ಏನೂ ಆಗಲಿಲ್ಲ. ನಿನ್ನೆ ಅಳತೆ ರೈಲು ಮತ್ತೊಂದು ಸಲ ಓಡಿ ಬಂದಿದೆ. ಇವತ್ತು ಭಾವ ಆ ತುದಿಯ ಕೊನೆಯ ಸ್ಟೇಷನ್ನಿನಿಂದ ವಾಪಸ್ಸು ಬರುವಾಗ, ಅದರ ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹಳಿಯ ಉಸ್ತುವಾರಿಯ ಇಂಜಿನಿಯರಮ್ಮ ಪಕ್ಕದಲ್ಲೇ ಕೂರುತ್ತಾರೆ. ಹೊಂದಿದರೆ ಸರಿ. ಇಲ್ಲದಿದ್ದರೆ ನಾಳೆಯಿಂದ ಭಾವ ಗೇಟಿನ ಹತ್ತಿರ, ಬಂದುಹೋಗುವವರಿಗೆ ಚೀಟಿ ಬರೆದುಕೊಡುವ ಮೇಜಿಗೆ.

"ಅಲ್ಲಿ ಮೆತ್ತನೆ ಕುರ್ಚಿ ಇದೆಯಂತೆ" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ರಾತ್ರಿ ಊಟದ ಹೊತ್ತಿಗೆ ಏನಂದ್ರು ಗೊತ್ತಾ? ನನ್ನ ಮೈ ನನಗೇ ಕೈಕೊಡ್ತು ಅಂದ್ರು."

"ಯಾವಾಗಿನಿಂದ ಹೀಗೆ?"

"ಆ ಮುಲಾಮು ಹಚ್ಚೋಕೆ ಶುರು ಮಾಡಿದಾಗಿನಿಂದ. ನೋವು ಹೋಯ್ತು, ಅದರ ಜೊತೆ ಕುಲುಕು ಗೊತ್ತಾಗೋದೂ ಹೋಯ್ತು."

ಸೋಸುವ ಜಾಲರಿ ಕೈಯಲ್ಲೇ ಉಳಿಯಿತು. ಅಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ. ಪಾಪದ ಮನುಷ್ಯ ಹಲಗೆ ಅನುಮಾನಿಸಿದ್ದರು, ಬೋಗಿ ಅನುಮಾನಿಸಿದ್ದರು, ತಮ್ಮ ಬೆನ್ನುಮೂಳೆಯನ್ನೂ ಅನುಮಾನಿಸಿದ್ದರು. ಪ್ಯಾಂಟನ್ನು ಅನುಮಾನಿಸಲಿಲ್ಲ. ಅದು ಮನೆಯವರು ಹೊಲಿದುಕೊಟ್ಟಿದ್ದು.

"ಹಳೇ ಪ್ಯಾಂಟು ಎಲ್ಲಿ?"

"ಒಂದರಲ್ಲಿ ನೆಲ ಒರೆಸ್ತಿದೀನಿ. ಇನ್ನೊಂದನ್ನ ನೀನೇ ಇಸ್ತ್ರಿ ಟೇಬಲ್ಲಿಗೆ ಹಾಸ್ಕೊಂಡಿದೀಯ."

ಮನೆಯ ಮೂಲೆಯಲ್ಲಿದ್ದ ಟೇಬಲ್ ನೋಡಿದರೆ ಹೌದು, ನಾಲ್ಕು ಕಡೆ ಸುಟ್ಟು ಕಂದು ಬಣ್ಣವಾಗಿತ್ತು. ಭಾವ ಮನೆಬಿಟ್ಟು ಆಗಲೇ ಕಾಲು ಗಂಟೆಯಾಗಿತ್ತು. ಫೋನು ಆಫ್ ಮಾಡಿಟ್ಟು ಹೋಗುವುದು ಅವರ ನಿಯಮ. ರೈಲು ಆರೂವರೆಗೆ. ಅಕ್ಕನ ಮಂಡಿ ಓಡುವ ಮಂಡಿಯಲ್ಲ. ಹೊಲಿಗೆ ಬಿಚ್ಚುವ ಕಡ್ಡಿ, ಕತ್ತರಿ, ಸೂಜಿ, ದಾರದುಂಡೆ ಚೀಲಕ್ಕೆ ಹಾಕಿಕೊಂಡು ನಾನು ಕಾಲಿಗೆ ಬುದ್ಧಿ ಹೇಳಿದೆ.

ಸ್ಟೇಷನ್ನಿನಲ್ಲಿ ಚೀಲ ತಪಾಸಣೆಯವನು ಕತ್ತರಿ ಕಿತ್ತುಕೊಂಡ. ಹೊಲಿಗೆ ಬಿಚ್ಚುವ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನಮ್ಮ?" ಅಂದ.

"ತಪ್ಪು ತಿದ್ದೋದು" ಅಂದೆ. ಏನು ಅರ್ಥವಾಯಿತೋ, ಬಿಟ್ಟ.

ಬಾಗಿಲು ಮುಚ್ಚುವ ಮೊದಲು ಕೊನೆಯ ಬೋಗಿಗೆ ಹತ್ತಿದೆ. ಭಾವ ಆಗಲೇ ಹಲಗೆಯ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದ್ದರು. ಮುಖ ಬಾಡಿ ಇಷ್ಟಾಗಿತ್ತು. ನನಗೆ ಅವರನ್ನು ನೋಡಿ ಅಳು ಬಂತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಪಕ್ಕದಲ್ಲಿ ಕೂತೆ. ರೈಲು ಹೊರಟಿದ್ದೇ ಗೊತ್ತಾಗಲಿಲ್ಲ, ಪ್ಲಾಟ್‌ಫಾರಂ ಹಿಂದಕ್ಕೆ ಹೋದಾಗ ಗೊತ್ತಾಯಿತು.

"ಭಾವ."

ಕೆಲಸದ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವಂತಿಲ್ಲ.

"ಭಾವ, ನಾನು."

"ಟಿಕೆಟ್ ತಗೊಂಡಿದೀಯಾ?" ಅಂದರು, ಕಣ್ಣು ಬಿಡದೆ.

"ತಗೊಂಡಿದೀನಿ. ನಿಮ್ಮ ಪ್ಯಾಂಟಿನ ಒಳಗೆ ಫೋಮ್ ಇದೆ. ನಾನೇ ಇಟ್ಟಿದ್ದು. ಅಕ್ಕ ಹೇಳಿದ್ಳು, ನಾನು ಹೊಲಿದೆ. ನೀವು ನೋವು ತಿಂತಿದ್ರಲ್ಲ, ಅದಕ್ಕೆ."

ಭಾವ ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ನಿಧಾನವಾಗಿ ಒಂದು ಕೈಯನ್ನು ಕೆಳಗೆ ಹಾಕಿ ಒತ್ತಿ ನೋಡಿಕೊಂಡರು. ಬೈಯಲಿ ಎಂದು ಕಾಯುತ್ತಿದ್ದೆ, ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಎಷ್ಟು ದಪ್ಪ?"

"ಮಧ್ಯದಲ್ಲಿ ಅರ್ಧ ಬೆರಳು. ಅಂಚಿಗೆ ಬರ್ತಾ ಇಳಿಸಿದೀನಿ."

"ಇಳಿಸಿದ್ದು ಚೆನ್ನಾಗಿದೆ" ಅಂದರು ಭಾವ. "ನನಗೇ ಗೊತ್ತಾಗ್ಲಿಲ್ಲ ನೋಡು."

ಅವರು ಎದ್ದು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆದು ಪ್ಯಾಂಟು ಹೊರಗೆ ಬಂತು. ಎದುರಿಗಿದ್ದ ಮಡಚುವ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಹರಡಿಕೊಂಡು ಬಿಚ್ಚತೊಡಗಿದೆ. ನನ್ನ ಹೊಲಿಗೆಯನ್ನು ನಾನೇ ಶಪಿಸಿದೆ. ಒಂದಂಗುಲಕ್ಕೆ ಹದಿನಾಲ್ಕು ಹಾಕಿದ್ದೆ, ಮಹಾತಾಯಿ ನಾನು. ಬಟ್ಟೆ ಸೊಳ್ಳೆಪರದೆಯಷ್ಟು ತೆಳು. ಕಡ್ಡಿಯ ತುದಿ ಒಂದು ಕೂದಲು ಆಚೆ ಹೋದರೂ ಹರಿಯುತ್ತದೆ, ಹರಿದರೆ ಭಾವ ವಾಪಸ್ಸು ಬರುವುದು ಹೇಗೆ?

ಒಬ್ಬ ಅಜ್ಜಿ ಬಂದು ಟಾಯ್ಲೆಟ್ಟಿನ ಬಾಗಿಲ ಮುಂದೆ ನಿಂತರು.

"ಒಳಗೆ ಯಾರಮ್ಮ?"

"ನಮ್ಮ ಭಾವ."

"ಹುಷಾರಿಲ್ವಾ?"

"ಹುಷಾರಾಗಿದಾರೆ. ಪ್ಯಾಂಟಿಲ್ಲ."

ಅಜ್ಜಿ ನನ್ನ ತೊಡೆಯ ಮೇಲೆ ನೋಡಿದರು, ಬಾಗಿಲು ನೋಡಿದರು, ಮುಂದಿನ ಬೋಗಿಯ ಟಾಯ್ಲೆಟ್ ಹುಡುಕಿಕೊಂಡು ಹೋದರು.

ಒಂದು ಬದಿ ಮುಗಿದು ಎರಡನೆಯದು ಅರ್ಧ ಆಗಿತ್ತು. ಒಂದು ಹೊಲಿಗೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಕಡ್ಡಿಯ ತುದಿ ಇದ್ದಕ್ಕಿದ್ದಂತೆ ತಟಕ್ಕನೆ ಹಾರಿ ಪಕ್ಕದ ಹೊಲಿಗೆಗೆ ಬಿತ್ತು. ನನ್ನ ಕೈ ಅಲುಗಿರಲಿಲ್ಲ. ಮೂವತ್ತು ವರ್ಷದ ಕೈ, ಅದು ಅಲುಗಿದರೆ ನನಗೆ ಗೊತ್ತಾಗುತ್ತದೆ.

"ಭಾವ" ಎಂದು ಕೂಗುವಷ್ಟರಲ್ಲಿ ಒಳಗಿನಿಂದ ಅವರ ದನಿ ಬಂತು. "ನೂರ ನಲವತ್ತೊಂದು."

"ಏನು ನೂರ ನಲವತ್ತೊಂದು?"

"ಕಿಲೋಮೀಟರ್. ಒಂದು ಕುಲುಕು ಬಂತು. ಬಲಗಡೆ ಹಳಿ."

"ನನಗೂ ಬಂತು. ಕಡ್ಡಿ ಹಾರ್ತು. ನಿಮಗೆ ನಿಂತ್ಕೊಂಡು ಹೇಗೆ ಗೊತ್ತಾಯ್ತು?"

"ಪಾದದಲ್ಲಿ" ಅಂದರು. ಆಮೇಲೆ ಒಳಗಿನಿಂದ ಒಂದು ನಗು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ. "ಹೋಗಿಲ್ಲ ಕಣೇ. ನನ್ನ ಮೈ ಎಲ್ಲೂ ಹೋಗಿಲ್ಲ. ಇಲ್ಲೇ ಇದೆ." ನಾನೂ ಹೊರಗೆ ಕೂತು ಕಣ್ಣೀರು ಬರುವವರೆಗೆ ನಕ್ಕೆ. ಟಿಕೆಟ್ ನೋಡುವವನು ಬಂದು, ಬಾಗಿಲನ್ನೂ ನನ್ನನ್ನೂ ನೋಡಿ, ಟಿಕೆಟ್ ಕೇಳದೆ ಹಿಂದಕ್ಕೆ ಹೋದ.

ಫೋಮ್ ತೆಗೆದು, ಬಿಟ್ಟುಕೊಂಡ ಅಂಚನ್ನು ಕೈಹೊಲಿಗೆಯಲ್ಲಿ ಕೂರಿಸಿ ಕೊಟ್ಟೆ. ಭಾವ ಹಾಕಿಕೊಂಡು ಬಂದು ಹಲಗೆಯ ಮೇಲೆ ಕೂತರು. ಮೂಳೆ ಹಲಗೆಗೆ ತಗುಲಿದಾಗ ಮುಖ ಹಿಂಡಿಕೊಂಡಿತು, ಆಮೇಲೆ ಆ ಮುಖದಲ್ಲಿ ಎಂಥ ಸುಖ. ಬಹಳ ದಿನದ ಮೇಲೆ ಸ್ವಂತ ಮನೆಗೆ ಬಂದವರ ಹಾಗೆ ಕೂತಿದ್ದರು.

ಆ ಕೊನೆಯ ಸ್ಟೇಷನ್ನಿನಲ್ಲಿ ಇಂಜಿನಿಯರಮ್ಮ ಹತ್ತಿದರು. ಮೂವತ್ತೂ ಆಗಿರಲಿಕ್ಕಿಲ್ಲ. ಭಾವನಿಗಿಂತ ಅವರಿಗೇ ಸಂಕಟವಾದಂತೆ ಕಂಡಿತು.

"ಇವರು?" ಎಂದು ನನ್ನನ್ನು ನೋಡಿ ಕೇಳಿದರು.

"ನನ್ನ ನಾದಿನಿ, ಮೇಡಂ. ಟೈಲರ್. ಒಂದು ರಿಪೇರಿ ಇತ್ತು."

"ರೈಲಿನದಾ?"

"ನನ್ನದು" ಅಂದರು ಭಾವ, ಕಣ್ಣು ಮುಚ್ಚಿದರು.

ನಾನು ಮೂರು ಸಾಲು ಹಿಂದೆ ಕೂತು ಅವರ ತಲೆಯ ಹಿಂಭಾಗವನ್ನೇ ನೋಡುತ್ತಿದ್ದೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಭಾವನ ಹೆಬ್ಬೆರಳು ಗಡಿಯಾರದ ಗುಂಡಿ ಒತ್ತಿತು. "ಇನ್ನೂರ ಎಪ್ಪತ್ತಮೂರು, ಎಡಗಡೆ, ಸಣ್ಣದು." ಇಂಜಿನಿಯರಮ್ಮ ಪಟ್ಟಿ ತೆಗೆದು ನೋಡಿ, ವಾಪಸ್ಸು ಜೇಬಿಗೆ ಹಾಕಿದರು. ಮತ್ತೆ, "ಇನ್ನೂರ ಹದಿನೆಂಟು, ಎರಡೂ ಕಡೆ." ಮತ್ತೆ, "ನೂರ ಐವತ್ತೇಳು." ಮತ್ತೆ ಬಹಳ ಹೊತ್ತಿನ ಮೇಲೆ, ನಮ್ಮ ಊರು ಹತ್ತಿರ ಬರುವಾಗ, "ಮೂವತ್ತೊಂಬತ್ತು. ಇದು ತೀರಾ ಸಣ್ಣದು, ಆದರೂ ಇದೆ."

ರೈಲು ನಿಂತಿತು. ಭಾವ ಕಣ್ಣು ಬಿಟ್ಟರು. ನಾನು ಎದ್ದು ಹತ್ತಿರ ಹೋಗಿ ನಿಂತೆ, ನಾಚಿಕೆ ಬಿಟ್ಟು.

"ಈ ಬರುವ ಕಡೆಯ ಹಳಿಗೆ ನನ್ನ ಪಟ್ಟಿಯಲ್ಲಿ ನಾಲ್ಕಿದೆ" ಎಂದರು ಇಂಜಿನಿಯರಮ್ಮ. "ನೀವು ಹೇಳಿದ ಮೊದಲ ಮೂರೂ ಇದರಲ್ಲಿವೆ. ತೊಂಬತ್ತೆರಡರ ಹತ್ತಿರ ಒಂದಿತ್ತು, ಅದು ನಿಮಗೆ ಸಿಗಲಿಲ್ಲ. ಮೂವತ್ತೊಂಬತ್ತು ಇದರಲ್ಲಿಲ್ಲ."

"ತೊಂಬತ್ತೆರಡು ನನ್ನ ತಪ್ಪು ಮೇಡಂ. ಮೂವತ್ತೊಂಬತ್ತು ಇದೆ."

ಅವರು ಪಟ್ಟಿ ಮಡಚಿದರು. "ಯಂತ್ರಕ್ಕೂ ಎಲ್ಲ ಸಿಗಲ್ಲ, ನಿಮಗೂ ಎಲ್ಲ ಸಿಗಲ್ಲ. ಇಬ್ಬರೂ ಬೇಕು ನನಗೆ. ಮೂವತ್ತೊಂಬತ್ತು ಇವತ್ತೇ ನೋಡಿಸ್ತೀನಿ. ಮಧ್ಯೆ ಆ ಮೂರು ವಾರ ಏನಾಗಿತ್ತು ನಿಮಗೆ?"

ಭಾವ ನನ್ನ ಕಡೆ ನೋಡಲಿಲ್ಲ. "ಒಂದು ಮುಲಾಮು ಹಚ್ತಿದ್ದೆ ಮೇಡಂ. ಅದನ್ನ ಬಿಟ್ಟೆ" ಅಂದರು.

"ಒಳ್ಳೇದಾಯ್ತು. ನಾಳೆ ಎಂದಿನ ಹಾಗೆ ಬನ್ನಿ" ಎಂದು ಅವರು ಇಳಿದು ಹೋದರು. ನಾನು ನಿಂತಲ್ಲೇ ಭಾವನ ಹಲಗೆಯನ್ನು ಎದೆಗೆ ಅವುಚಿಕೊಂಡುಬಿಟ್ಟೆ.

(ಮೂವತ್ತೊಂಬತ್ತರಲ್ಲಿ ಗ್ಯಾಂಗಿನವರು ಹಳಿಯ ಕೆಳಗಿನ ರಬ್ಬರ್ ಪಟ್ಟಿ ಎತ್ತಿ ನೋಡಿದರೆ, ಅದರ ಒಂದು ಮೂಲೆ ಸವೆದು ಕಾಗದವಾಗಿತ್ತು. ಅದನ್ನು ತಂದು ತೋರಿಸಿದರು. ಈಗ ಅದು ಅಕ್ಕನ ಮನೆಯ ಶೋಕೇಸಿನಲ್ಲಿದೆ.)

ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಬೆಳಗಿನಿಂದ ಅಲ್ಲೇ. ಕೈಯಲ್ಲಿ ನೆಲ ಒರೆಸುವ ಪ್ಯಾಂಟು, ಒಗೆದು ಹಿಂಡಿ ತಂದಿದ್ದಳು, ಬೇಕಾದರೆ ಇರಲಿ ಎಂದು. ಭಾವನ ಮುಖ ನೋಡಿದ ತಕ್ಷಣ ಅವಳಿಗೆ ಎಲ್ಲ ಗೊತ್ತಾಯಿತು. ಆ ಒದ್ದೆ ಪ್ಯಾಂಟಿನಿಂದಲೇ ಕಣ್ಣೊರೆಸಿಕೊಂಡಳು.

ಮೂವರೂ ನಡೆದುಕೊಂಡು ಮನೆಗೆ ಹೊರಟೆವು. ದಾರಿಯಲ್ಲಿ ಭಾವ ಅಕ್ಕನಿಗೆ ಕೇಳಿಸದಂತೆ ನನಗೆ ಹೇಳಿದರು, "ತೊಂಬತ್ತೆರಡು ಯಾಕೆ ತಪ್ಪಿತು ಗೊತ್ತಾ? ಆಗ ನನಗೆ ನೀನು ಆ ಅಜ್ಜಿಗೆ 'ಹುಷಾರಾಗಿದಾರೆ, ಪ್ಯಾಂಟಿಲ್ಲ' ಅಂದಿದ್ದು ನೆನಪಾಗಿಬಿಡ್ತು."

ನಾನು ನಗಲಿಲ್ಲ. ಬೆಳಗಿನಿಂದ ಒಂದು ಮಾತು ಹೇಳುವುದು ಬಾಕಿ ಇತ್ತು. ಇಪ್ಪತ್ತೆರಡು ವರ್ಷ ಆಡಿಕೊಂಡ ಬಾಯಿಗೆ ಅದನ್ನು ಹೇಳುವುದು ಸುಲಭವಿರಲಿಲ್ಲ.

"ಭಾವ, ಫೋಮ್ ತೆಗೆದ ಮೇಲೆ ಅಂಚು ಕೂರಿಸೋಕೆ ಸೂಜಿಗೆ ದಾರ ಹಾಕಬೇಕಿತ್ತು. ಕನ್ನಡಕ ಮನೇಲೇ ಬಿಟ್ಟು ಬಂದಿದ್ದೆ. ಒಂದೇ ಸಲಕ್ಕೆ ಹೋಯ್ತು."

ಭಾವ ನಡೆಯುವುದನ್ನು ನಿಲ್ಲಿಸಿದರು. "ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ. ಅಂಗಡೀಲಿ, ಅಲುಗದ ಮೇಜಿನ ಮುಂದೆ ಕೂತ್ರೂ ನನಗೆ ಹೋಗಲ್ಲ. ಅಷ್ಟು ವೇಗದ ರೈಲಲ್ಲಿ ಹೋಯ್ತು. ಇಷ್ಟು ವರ್ಷ ನೀವು ಕೂತು ಏನು ಮಾಡ್ತಿದ್ರಿ ಅಂತ ನನಗೆ ಆಗ ಗೊತ್ತಾಯ್ತು."

ಅವರಿಗೆ ಹೊಗಳಿಕೆ ಕೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಾಯಿತು. ನೆಲ ನೋಡುತ್ತ, "ಎಲ್ಲಿ?" ಎಂದು ಕೇಳಿದರು.

"ಎಲ್ಲಿ ಅಂದ್ರೆ?"

"ಯಾವ ಕಿಲೋಮೀಟರಲ್ಲಿ?"

"ನನಗೇನು ಗೊತ್ತು. ದೊಡ್ಡ ನದಿ ದಾಟಿದ್ವಲ್ಲ, ಉದ್ದ ಸೇತುವೆ. ಅದು ಮುಗಿದ ತಕ್ಷಣ."

"ಅಲ್ಲಿ ನದಿ ಇದೆಯಾ?" ಅಂದರು ಭಾವ. "ಸೇತುವೆ ಮುಗಿದ ತಕ್ಷಣ ಅಂದ್ರೆ, ನೂರ ಎಂಬತ್ತಾರು."

ರಸ್ತೆಯ ಮಧ್ಯೆಯೇ ಹಲಗೆಯ ಚೀಲವನ್ನು ಅಕ್ಕನ ಕೈಗೆ ಕೊಟ್ಟು ಪುಸ್ತಕ ತೆಗೆದರು. ಇಪ್ಪತ್ತೆರಡು ವರ್ಷ ಆ ಪುಸ್ತಕಗಳಲ್ಲಿ ಕೆಟ್ಟಿದ್ದನ್ನು ಬಿಟ್ಟು ಬೇರೇನನ್ನೂ ಅವರು ಬರೆದಿರಲಿಲ್ಲ. ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಗುಲಿಸಿ, ಅಂದವಾಗಿ ಮೂರು ಕಲಂ ತುಂಬಿದರು. ನಾನು ಭುಜದ ಮೇಲಿಂದ ಇಣುಕಿ ಓದಿದೆ. ಮೊದಲನೆಯದರಲ್ಲಿ, ನೂರ ಎಂಬತ್ತಾರು. ಎರಡನೆಯದರಲ್ಲಿ, ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ಏನು ಮಾಡಬೇಕು ಎನ್ನುವ ಮೂರನೆಯದರಲ್ಲಿ, ಯಾರೂ ಮುಟ್ಟಬೇಡಿ.